ಬಾಗಿಲ ಲೆಕ್ಕ, ಗುಂಡಿಯ ಲೆಕ್ಕ

ಶಿರಾಳಕೊಪ್ಪದಿಂದ ಆನವಟ್ಟಿಗೆ ಹೋಗುವ ರಸ್ತೆ ಬಿಟ್ಟು, ಮೆಕ್ಕೆಜೋಳದ ಹೊಲ ದಾಟಿ ಒಳಗೆ ಹೋದರೆ ಕೆರೆ ಏರಿಯ ಕೆಳಗೆ ಇಪ್ಪತ್ತೈದು ಮನೆಗಳ ಒಂದು ಕಾಲೋನಿ ಸಿಗುತ್ತದೆ. ಅಲ್ಲೊಂದು ಮನೆಯ ಹಿತ್ತಲಲ್ಲಿ ಗಾರೆ ಕೆಲಸದ ಹುಡುಗನೊಬ್ಬ ಹಾರೆಯ ತುದಿಯಿಂದ ಸಣ್ಣ ಚಪ್ಪಡಿ ಎಬ್ಬಿಸುವುದನ್ನು ನೋಡುತ್ತಾ ನಿಂತಿದ್ದೆ. ಚಪ್ಪಡಿಯ ಕೆಳಗೆ ಒಂದಡಿ ಅಗಲದ ಚೇಂಬರ್. ಶೌಚಾಲಯದಿಂದ ಬಂದ ಪೈಪು ಅಲ್ಲಿ ಎರಡು ಕವಲಾಗಿ, ಒಂದೊಂದು ಕವಲು ಒಂದೊಂದು ಗುಂಡಿಗೆ ಹೋಗಿತ್ತು. ಎರಡೂ ಕವಲು ಬಾಯಿ ತೆರೆದುಕೊಂಡೇ ಇದ್ದವು.

"ಇಲ್ಲೊಂದು ಅರ್ಧ ಇಟ್ಟಿಗೆ ಇಟ್ಟು ಒಂದು ಕಡೆ ಬಂದ್ ಮಾಡ್ಬೇಕಿತ್ತಲ್ಲ ಅಕ್ಕಾ" ಅಂದ ಹುಡುಗ.

ಮನೆಯಾಕೆ ಬಗ್ಗಿ ನೋಡಿದರು. "ಕಟ್ಟಿ ಆರು ವರ್ಷಾತು ತಮ್ಮಾ. ಇದನ್ನ ಯಾರೂ ಹೇಳೇ ಇಲ್ಲ. ಎರಡು ಗುಂಡಿ ತೆಗೀಬೇಕು ಅಂದ್ರು, ತೆಗೆಸಿದ್ವಿ. ಈಗ ಎರಡೂ ತುಂಬಿದಾವೆ."

ಎರಡು ಗುಂಡಿಯ ಶೌಚಾಲಯದ ಮರ್ಮವೆಲ್ಲ ಆ ಅರ್ಧ ಇಟ್ಟಿಗೆಯಲ್ಲಿದೆ. ಒಂದು ಗುಂಡಿ ಬಳಕೆಯಲ್ಲಿರುವಾಗ ಇನ್ನೊಂದಕ್ಕೆ ದಾರಿ ಮುಚ್ಚಿರಬೇಕು. ಐದಾರು ಜನರ ಮನೆಯಲ್ಲಿ ಒಂದು ಗುಂಡಿ ತುಂಬಲು ಸುಮಾರು ಮೂರು ವರ್ಷ ಹಿಡಿಯುತ್ತದೆ. ತುಂಬಿದ ಮೇಲೆ ಇಟ್ಟಿಗೆಯನ್ನು ಈ ಕಡೆಯಿಂದ ಆ ಕಡೆಗೆ ಇಟ್ಟರೆ ಮೊದಲ ಗುಂಡಿ ವಿಶ್ರಾಂತಿಗೆ ಹೋಗುತ್ತದೆ. ಒಂದೂವರೆ, ಎರಡು ವರ್ಷ ಮುಟ್ಟದೆ ಬಿಟ್ಟರೆ ಒಳಗಿನದು ಕಪ್ಪು ಮಣ್ಣಾಗುತ್ತದೆ, ರೋಗಾಣು ಸಾಯುತ್ತವೆ, ವಾಸನೆ ಹೋಗುತ್ತದೆ, ಗುದ್ದಲಿ ಹಿಡಿದು ಮನೆಯವರೇ ತೆಗೆಯಬಹುದು. ಎರಡೂ ದಾರಿ ತೆರೆದಿದ್ದರೆ ಎರಡೂ ಗುಂಡಿ ಒಟ್ಟಿಗೇ ತುಂಬುತ್ತವೆ. ಆಮೇಲೆ ಉಳಿಯುವುದು ಹಸಿ ಮಲ, ಮತ್ತು ಅದನ್ನು ಯಾರು ತೆಗೆಯಬೇಕು ಎಂಬ ಹಳೆಯ ಪ್ರಶ್ನೆ.

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಬಡವರ ಕೇರಿಗಳಲ್ಲಿ ನೈರ್ಮಲ್ಯ ಎಲ್ಲಿಗೆ ಬಂದಿದೆ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ಆ ಚೇಂಬರ್ ನೆನಪಾಗುತ್ತದೆ. ನಾವು ಬಾಗಿಲುಗಳನ್ನು ಎಣಿಸಿದೆವು. ಊರಿಗೆಷ್ಟು ಶೌಚಾಲಯ, ಗೋಡೆಗೆ ಬಣ್ಣ ಆಯಿತೇ, ಫಲಾನುಭವಿಯನ್ನು ಮುಂದೆ ನಿಲ್ಲಿಸಿ ಜಿಪಿಎಸ್ ಫೋಟೊ ತೆಗೆದಾಯಿತೇ ಎಂದು ನೋಡಿದೆವು. ನೆಲದ ಕೆಳಗಿನ ಗುಂಡಿ, ಅದಕ್ಕೆ ಬೇಕಾದ ನೀರು, ಅದನ್ನು ಕಟ್ಟಲು ಬೇಕಾದ ಜಾಗ, ಅದನ್ನು ಬರಿದು ಮಾಡುವ ಕೈ, ಇವು ನಾಲ್ಕೂ ಲೆಕ್ಕದ ಹೊರಗೇ ಉಳಿದವು.

ಈ ಎರಡು ತಾಲ್ಲೂಕು ರಾಜ್ಯಕ್ಕೆ ಇಬ್ಬರು ಮುಖ್ಯಮಂತ್ರಿಗಳನ್ನು ಕೊಟ್ಟಿವೆ: ಸೊರಬದ ಕುಬಟೂರಿನ ಎಸ್. ಬಂಗಾರಪ್ಪ, ಶಿಕಾರಿಪುರದಿಂದ ಗೆದ್ದುಬಂದ ಬಿ.ಎಸ್. ಯಡಿಯೂರಪ್ಪ. ಬಂಗಾರಪ್ಪನವರ ಕಾಲದಲ್ಲಿ, 1991–92ರಲ್ಲಿ ಬಂದ ಆಶ್ರಯ ಯೋಜನೆ ಸೂರಿಲ್ಲದ ಲಕ್ಷಾಂತರ ಜನಕ್ಕೆ ಮನೆ ಕೊಟ್ಟಿತು. ಅದಕ್ಕೂ ಹಿಂದೆ ಜನತಾ ಮನೆಗಳು ಬಂದಿದ್ದವು. ಮಣ್ಣಿನ ಗುಡಿಸಲಿನಿಂದ ಹೆಂಚಿನ ಮನೆಗೆ ಬಂದವರಿಗೆ ಅದು ಎಂಥ ದೊಡ್ಡ ಹೆಜ್ಜೆ ಎಂಬುದನ್ನು ನೋಡಿ ಬಲ್ಲವರು ಹಗುರವಾಗಿ ಮಾತಾಡಲಾರರು. ಆದರೆ ಆ ಕಾಲದ ಎಷ್ಟೋ ಮನೆಗಳಲ್ಲಿ ಬಚ್ಚಲಿಗೇ ಸರಿಯಾದ ಜಾಗವಿರಲಿಲ್ಲ, ಇನ್ನು ಶೌಚಾಲಯ ದೂರದ ಮಾತು. ಗೋಡೆಗೆ ಗೋಡೆ ತಾಗಿದ ಸಾಲುಮನೆಗಳ ಹಿಂದೆ ಮೂರಡಿ ಓಣಿ ಬಿಟ್ಟರೆ ಹಿತ್ತಲೇ ಇಲ್ಲ. ಅಂದಿನ ನಕ್ಷೆಯ ಫಲವನ್ನು ಇಂದಿನ ಮೊಮ್ಮಕ್ಕಳೂ ಉಣ್ಣುತ್ತಿದ್ದಾರೆ.

ಕೇಂದ್ರದ ಗ್ರಾಮೀಣ ನೈರ್ಮಲ್ಯ ಕಾರ್ಯಕ್ರಮ ಶುರುವಾದದ್ದು 1986ರಲ್ಲಿ. 1999ರಲ್ಲಿ ಅದು ಸಂಪೂರ್ಣ ಸ್ವಚ್ಛತಾ ಆಂದೋಲನವಾಯಿತು, 2012ರಲ್ಲಿ ನಿರ್ಮಲ ಭಾರತ ಅಭಿಯಾನ, 2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ. ಹೆಸರು ಬದಲಾದಂತೆ ಹಣವೂ ಏರಿತು. ಕೊನೆಗೆ ಮನೆಯೊಂದಕ್ಕೆ 12,000 ರೂಪಾಯಿ ಪ್ರೋತ್ಸಾಹಧನ ನಿಗದಿಯಾಯಿತು. ಪರಿಶಿಷ್ಟರಿಗೆ ನಮ್ಮ ರಾಜ್ಯ ಇನ್ನಷ್ಟು ಸೇರಿಸಿ 15,000 ಕೊಟ್ಟಿತು. 2011ರ ಜನಗಣತಿಯಲ್ಲಿ ಗ್ರಾಮೀಣ ಕರ್ನಾಟಕದ 100 ಮನೆಗಳಲ್ಲಿ ಸುಮಾರು 28ಕ್ಕೆ ಮಾತ್ರ ಶೌಚಾಲಯವಿತ್ತು ಎಂಬುದನ್ನು ನೆನೆದರೆ ಆಮೇಲಿನ ದಶಕದಲ್ಲಿ ಆದ ಕೆಲಸ ನಿಜವಾಗಿಯೂ ದೊಡ್ಡದು. ಕತ್ತಲಾಗುವುದನ್ನೇ ಕಾಯುತ್ತಾ ಹಗಲೆಲ್ಲ ನೀರು ಕುಡಿಯದೆ ಇದ್ದ ಹೆಂಗಸರನ್ನು ನಾನು ಬಲ್ಲೆ. ಅವರ ಮನೆಗೊಂದು ಬಾಗಿಲು ಬಂದದ್ದು ಸಣ್ಣ ಸಂಗತಿಯೇ ಅಲ್ಲ.

2019ರ ಅಕ್ಟೋಬರ್ 2ರಂದು ಇಡೀ ಗ್ರಾಮೀಣ ಭಾರತ ಬಯಲು ಬಹಿರ್ದೆಸೆ ಮುಕ್ತ ಎಂಬ ಘೋಷಣೆ ಬಂತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ದೇಶದ 100 ಮನೆಗಳಲ್ಲಿ 19 ಯಾವ ಶೌಚಾಲಯವನ್ನೂ ಬಳಸುತ್ತಿಲ್ಲ ಎಂದಿತು. ಹಿಂದಿನ ಸಮೀಕ್ಷೆಯಲ್ಲಿ ಅದು 39 ಇತ್ತು. ಇಳಿಕೆಯೂ ನಿಜ, ಉಳಿಕೆಯೂ ನಿಜ. ಉಳಿದವರು ಯಾರು ಎಂದು ನಮ್ಮ ಕಡೆ ಹುಡುಕಿದರೆ ಅವರು ಊರಿನ ನಡುವೆ ಸಿಗುವುದಿಲ್ಲ. ತಾಂಡಾದ ಅಂಚಿನಲ್ಲಿ, ಕೆರೆಯಂಗಳದಲ್ಲಿ, ಕಾಡಂಚಿನ ಒತ್ತುವರಿ ಜಾಗದಲ್ಲಿ, ಶುಂಠಿ ಹೊಲದ ಶೆಡ್ಡಿನಲ್ಲಿ ಸಿಗುತ್ತಾರೆ.

ಈ ಸೀಮೆಯ ನೆಲವನ್ನು ಸ್ವಲ್ಪ ನೋಡಬೇಕು. ಶಿಕಾರಿಪುರದ ಪೂರ್ವದ ಹೋಬಳಿಗಳು ಹೆಚ್ಚುಕಡಿಮೆ ಬಯಲುಸೀಮೆ: ಮೆಕ್ಕೆಜೋಳ, ಹತ್ತಿ, ಬೋರ್‌ವೆಲ್. ಪಶ್ಚಿಮಕ್ಕೆ, ಸೊರಬದ ಕಡೆಗೆ ಸರಿದಷ್ಟೂ ಮಳೆ ಹೆಚ್ಚು, ಗದ್ದೆ ಹೆಚ್ಚು, ಅಡಿಕೆ ತೋಟ ಹೆಚ್ಚು. ಇತ್ತ ಕುಮುದ್ವತಿ, ಅತ್ತ ದಂಡಾವತಿ, ಗಡಿಯಲ್ಲಿ ವರದಾ. ಎರಡೂ ತಾಲ್ಲೂಕಿನ ತುಂಬ ಕೆರೆಗಳು. ಕೆರೆಯಿಲ್ಲದ ಊರನ್ನು ಹುಡುಕಬೇಕು. ಕೆರೆ ಇದ್ದಲ್ಲಿ ಏರಿಯ ಕೆಳಗೆ ಅಚ್ಚುಕಟ್ಟು, ಊರಿನವರಿಗೆ ಬೇಡವಾದ ಜೌಗು ಮೂಲೆಯಲ್ಲಿ ಬಡವರ ಕೇರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಎರಡಡಿ ಅಗೆದರೆ ನೀರು ಒಸರುತ್ತದೆ.

ಇಂಥ ನೆಲದಲ್ಲಿ ಗುಂಡಿ ತೆಗೆಯುವುದಕ್ಕೆ ನಿಯಮಗಳಿವೆ. ಗುಂಡಿಯ ತಳ ಮಳೆಗಾಲದ ಅಂತರ್ಜಲ ಮಟ್ಟಕ್ಕಿಂತ ಎರಡು ಮೀಟರ್ ಮೇಲಿರಬೇಕು. ಕುಡಿಯುವ ನೀರಿನ ಬಾವಿಯಿಂದ 10ರಿಂದ 15 ಮೀಟರ್ ದೂರ ಇರಬೇಕು. ಎರಡು ಗುಂಡಿಗಳ ನಡುವೆ ಕನಿಷ್ಠ ಒಂದು ಮೀಟರ್ ಮಣ್ಣು ಬಿಡಬೇಕು. ಗೋಡೆಯ ಇಟ್ಟಿಗೆಗಳ ನಡುವೆ ಸಂದು ಬಿಟ್ಟು ಜೇನುಗೂಡಿನಂತೆ ಕಟ್ಟಬೇಕು, ತಳಕ್ಕೆ ಸಿಮೆಂಟು ಬಳಿಯಬಾರದು, ನೀರು ಇಂಗಬೇಕು. ಜೌಗಿದ್ದರೆ ಗುಂಡಿಯನ್ನು ನೆಲದಿಂದ ಮೇಲಕ್ಕೆ ಎತ್ತಿ, ಸುತ್ತ ಮರಳು ಮಣ್ಣು ತುಂಬಿ ಕಟ್ಟಬೇಕು. ಆಗ ಶೌಚಾಲಯವೂ ಎತ್ತರವಾಗುತ್ತದೆ, ನಾಲ್ಕೈದು ಮೆಟ್ಟಿಲು ಬರುತ್ತವೆ, ಖರ್ಚು ಏರುತ್ತದೆ. ಶಿಕಾರಿಪುರದ ಒಣ ಭೂಮಿಗೂ ಸೊರಬದ ಗದ್ದೆ ಬದುವಿಗೂ ಒಂದೇ ದರ, ಒಂದೇ ನಕ್ಷೆ ಕೊಟ್ಟದ್ದರಿಂದ ಆ ಹೆಚ್ಚಿನ ಖರ್ಚು ಬಡವರ ತಲೆಗೇ ಬಂತು. ಕೊಡಲಾಗದವರು ತಗ್ಗಿನಲ್ಲೇ ಗುಂಡಿ ತೆಗೆಸಿದರು. ಆಷಾಢದಲ್ಲಿ ಗುಂಡಿಗೆ ಹೊರಗಿನಿಂದಲೇ ನೀರು ತುಂಬಿ ಬೇಸಿನ್ನಿನಲ್ಲಿ ಉಕ್ಕತೊಡಗಿದಾಗ ಮತ್ತೆ ಚೆಂಬು ಹಿಡಿದು ಏರಿಯ ಕಡೆ ನಡೆದರು. ಅಂಥವರಿಗೆ ಅರಿವಿಲ್ಲ ಎಂದು ಹೇಳುವ ಅಧಿಕಾರಿಗಳ ಮಾತು ಕೇಳಿದಾಗ ನನಗೆ ಸಂಕಟವಾಗುತ್ತದೆ. ಅವರಿಗೆ ಅರಿವಿತ್ತು, ಶೌಚಾಲಯ ನೀರಲ್ಲಿ ನಿಂತಿತ್ತು.

ಇನ್ನೊಂದು ರೂಢಿ ಬೇರೂರಿದೆ. ಎರಡು ಗುಂಡಿ ಬದಲು ಸಿಮೆಂಟಿನ ರಿಂಗ್ ಇಳಿಸಿ ಹತ್ತು ಹನ್ನೆರಡು ಅಡಿ ಆಳದ ಒಂದೇ ಗುಂಡಿ ಮಾಡಿಸುವುದು. ದೊಡ್ಡದು ಮಾಡಿಸಿದರೆ ನಮ್ಮ ಕಾಲಕ್ಕೆ ತುಂಬುವುದಿಲ್ಲ ಎಂಬ ಧೈರ್ಯ. ಆದರೆ ಅಷ್ಟು ಆಳಕ್ಕೆ ಹೋದರೆ ಗುಂಡಿಯ ತಳ ನೇರವಾಗಿ ಅಂತರ್ಜಲದಲ್ಲೇ ಕೂರುತ್ತದೆ, ಮೂವತ್ತು ಅಡಿ ದೂರದ ತೆರೆದ ಬಾವಿಯ ನೀರನ್ನೇ ಮೂರು ಮನೆಯವರು ಕುಡಿಯುತ್ತಿರುತ್ತಾರೆ. ಆಳವಾದ ಒಂದೇ ಗುಂಡಿಗಿಂತ ಮೂರೂವರೆ, ನಾಲ್ಕು ಅಡಿಯ ಎರಡು ಗುಂಡಿ ಎಷ್ಟೋ ಮೇಲು ಎಂಬುದನ್ನು ಊರಿನ ಗಾರೆಯವರಿಗೆ ಕಲಿಸಿದ್ದರೆ ಸಾಕಿತ್ತು. ತರಬೇತಿಯ ಹಣ ಗೋಡೆಬರಹಕ್ಕೆ ಹೋಯಿತು, ಗಾರೆಯವರಿಗೆ ತಲುಪಲಿಲ್ಲ ಎಂಬುದು ನನ್ನ ದೂರು.

ಬೇಸಿನ್ನಿನ ವಿಷಯವನ್ನೂ ಹೇಳಬೇಕು. ಗ್ರಾಮೀಣ ಶೌಚಾಲಯಕ್ಕೆಂದೇ ಹೆಚ್ಚು ಇಳಿಜಾರಿನ, ಕಡಿಮೆ ನೀರಿನ ಬೇಸಿನ್ ಇದೆ. ಎರಡು ಲೀಟರ್ ನೀರು ಹೊಯ್ದರೆ ಸಾಕು, ಶುದ್ಧವಾಗುತ್ತದೆ. ಪೇಟೆಯ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಬೇಸಿನ್ನಿಗೆ ಒಂದು ಬಕೆಟ್ ಬೇಕು. ಮನೆಯಲ್ಲಿ ದಿನಕ್ಕೆ ಹತ್ತು ಸಲ ಬಳಕೆಯಾದರೆ ಒಂದಕ್ಕೆ 20 ಲೀಟರ್, ಇನ್ನೊಂದಕ್ಕೆ 100 ಲೀಟರ್. ಆ ವ್ಯತ್ಯಾಸದ 80 ಲೀಟರ್ ನೀರನ್ನು ನಲ್ಲಿಯಿಂದ ಸೊಂಟದ ಮೇಲೆ ಹೊತ್ತು ತರುವವರು ಹೆಂಗಸರು.

ಇಲ್ಲಿಗೆ ನೀರಿನ ಮಾತು ಬಂತು. 1980ರ ದಶಕದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿ ನೀರು ಸಾಬ್ ಎನಿಸಿಕೊಂಡರು. ಇವತ್ತಿಗೂ ಎಷ್ಟೋ ಕೇರಿಗಳ ಬಾಯಾರಿಕೆ ಆ ತಲೆಮಾರಿನ ಕೈಪಂಪುಗಳಿಂದಲೇ ನೀಗುತ್ತಿದೆ. 2019ರಲ್ಲಿ ಬಂದ ಜಲ ಜೀವನ್ ಮಿಷನ್, ನಮ್ಮಲ್ಲಿ 'ಮನೆ ಮನೆಗೆ ಗಂಗೆ', ತಲೆಗೆ ದಿನಕ್ಕೆ 55 ಲೀಟರ್ ನೀರು ಮನೆಯ ನಲ್ಲಿಗೇ ಬರಬೇಕು ಎನ್ನುತ್ತದೆ. ಐದು ಜನರ ಮನೆಗೆ 275 ಲೀಟರ್. ಕುಡಿಯಲು, ಅಡುಗೆಗೆ, ಸ್ನಾನಕ್ಕೆ, ಬಟ್ಟೆಗೆ, ಶೌಚಕ್ಕೆ ಅಷ್ಟು ಬೇಕೇ ಬೇಕು. ನಲ್ಲಿ ಬಂದ ಮನೆಗಳೂ ಇವೆ, ನಲ್ಲಿಯ ಕಂಬ ಮಾತ್ರ ಬಂದ ಮನೆಗಳೂ ಇವೆ. ಏಪ್ರಿಲ್, ಮೇನಲ್ಲಿ ನೀರುಗಂಟಿ ಎರಡು ದಿನಕ್ಕೊಮ್ಮೆ ಬಿಟ್ಟರೆ ಅದೇ ಭಾಗ್ಯ. ನೀರು ಕಡಿಮೆಯಾದ ಮನೆಯಲ್ಲಿ ಮೊದಲು ನಿಲ್ಲುವುದು ಕೈ ತೊಳೆಯುವುದು, ಎರಡನೆಯದು ಶೌಚಾಲಯ.

ನೀರು ಬಂದ ಕಡೆ ಅದು ಹೋಗುವುದೆಲ್ಲಿಗೆ? ಮಲೆನಾಡಿನ ಹಳೆಯ ಮನೆಗಳಲ್ಲಿ ಬಚ್ಚಲ ನೀರು ಹಾಯುವ ಜಾಗಕ್ಕೆ ಬಾಳೆ, ಕೆಸು ಹಾಕುತ್ತಿದ್ದರು. ಹಿತ್ತಲಿದ್ದವರ ಜಾಣತನ ಅದು. ಸಾಲುಮನೆಗಳಲ್ಲಿ ಬಚ್ಚಲ ನೀರು ಓಣಿಗೆ ಬಿದ್ದು, ಅಲ್ಲೇ ನಿಂತು, ಸೊಳ್ಳೆ ಹುಟ್ಟಿ, ಮಕ್ಕಳು ಅದರಲ್ಲೇ ಕಾಲಿಟ್ಟು ಓಡಾಡುತ್ತವೆ. ಉದ್ಯೋಗ ಖಾತರಿಯಲ್ಲಿ ಬಚ್ಚಲುಗುಂಡಿ ತೆಗೆಸುವ ಅಭಿಯಾನ ನಡೆಯಿತು. ಒಳ್ಳೆಯ ಕೆಲಸ, ಜಾಗ ಇದ್ದವರಿಗೆ.

ಜಾಗವೇ ಎಲ್ಲಕ್ಕಿಂತ ಗಟ್ಟಿ ಗಂಟು ಎಂದು ನನಗೆ ವರ್ಷಗಳು ಕಳೆದಂತೆ ಹೆಚ್ಚು ಹೆಚ್ಚು ಅನಿಸಿದೆ. ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದರು. 1974ರ ಭೂ ಸುಧಾರಣೆ ಉಳುವವನನ್ನು ಹೊಲದೊಡೆಯ ಮಾಡಿತು. ಸೊರಬದ ಎಷ್ಟೋ ದೀವರ ಮನೆಗಳು ಆಗ ನೆಲ ಕಂಡವು. ಗೇಣಿಯೂ ಇಲ್ಲದೆ ಬರೀ ಕೂಲಿಯಲ್ಲಿ ಬದುಕಿದ ದಲಿತ ಕೇರಿಗಳಿಗೆ, ಶಿಕಾರಿಪುರದ ಲಂಬಾಣಿ ತಾಂಡಾಗಳಿಗೆ ಆ ಕಾಯ್ದೆ ಕೊಡಬಹುದಾದದ್ದು ಕಡಿಮೆ. ಅವರು ಸರ್ಕಾರಿ ಜಾಗದಲ್ಲಿ, ಗೋಮಾಳದಲ್ಲಿ, ಕಾಡಿನ ಅಂಚಿನಲ್ಲಿ ಮನೆ ಕಟ್ಟಿಕೊಂಡರು. ಹಕ್ಕುಪತ್ರವಿಲ್ಲದ ಮನೆಗೆ ಪಂಚಾಯಿತಿ ಖಾತೆ ಆಗುವುದಿಲ್ಲ. ಖಾತೆ ಇಲ್ಲದಿದ್ದರೆ ಶೌಚಾಲಯದ ಅರ್ಜಿ ಕಂಪ್ಯೂಟರಿನಲ್ಲಿ ಮುಂದೆ ಹೋಗುವುದಿಲ್ಲ. ಭೂ ಕಂದಾಯ ಕಾಯ್ದೆಯ 94ಸಿ ಕಲಮಿನಡಿ ಅಂಥ ಮನೆಗಳನ್ನು ಸಕ್ರಮ ಮಾಡುವ ದಾರಿ ಇದೆ. ತಾಂಡಾಗಳನ್ನು ಕಂದಾಯ ಗ್ರಾಮ ಮಾಡುವ ತಿದ್ದುಪಡಿಯೂ ಬಂತು. ಜಾಗ ಅರಣ್ಯ ಇಲಾಖೆಯದ್ದು ಎಂದಾದರೆ ಮಾತ್ರ ಕಡತ ಅಲ್ಲಿಗೇ ನಿಲ್ಲುತ್ತದೆ.

ಇನ್ನು ಹಣ. ಪ್ರೋತ್ಸಾಹಧನ ಕೈಗೆ ಬರುವುದು ಕಟ್ಟಿದ ಮೇಲೆ. ಕೂಲಿಯವರು ಮೊದಲು ಸಂಘದ ಸಾಲ ಎತ್ತಿ ಕಟ್ಟಬೇಕು, ವಾರವಾರ ಕಂತು ಕಟ್ಟುತ್ತಾ ಬಿಲ್ಲಿಗಾಗಿ ಪಂಚಾಯಿತಿಗೆ ಅಲೆಯಬೇಕು. 2012ರ ಸಮೀಕ್ಷೆಯ ಪಟ್ಟಿಯಲ್ಲಿ ಅಪ್ಪನ ಹೆಸರಿದ್ದು, ಆಮೇಲೆ ಬೇರೆ ಬಿದ್ದ ಮೂವರು ಮಕ್ಕಳ ಮನೆಗಳು ಪಟ್ಟಿಯಲ್ಲಿ ಇರದೆ ಒದ್ದಾಡಿದ್ದೂ ಉಂಟು. ಹದಿನಾಲ್ಕು ಜನಕ್ಕೆ ಒಂದು ಶೌಚಾಲಯವಾದರೆ ಬೆಳಗಿನ ಹೊತ್ತು ಗಂಡಸರು ಬಯಲಿಗೇ ಹೋಗುತ್ತಾರೆ.

ಇಂಥವರನ್ನು ನಾಚಿಸಿ ಬದಲಿಸಬೇಕೆಂಬ ಒಂದು ವಿಧಾನವೂ ನಮ್ಮಲ್ಲಿಗೆ ಬಂತು. ಅದರ ಬೇರು ಬಾಂಗ್ಲಾದೇಶದ ರಾಜಶಾಹಿಯ ಹಳ್ಳಿಯೊಂದರಲ್ಲಿ 1999–2000ರ ಹೊತ್ತಿಗೆ ಕಮಲ್ ಕರ್ ನಡೆಸಿದ ಪ್ರಯೋಗದಲ್ಲಿದೆ. ಊರವರೇ ಕೂತು, ಮಲ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ನೆಲದ ಮೇಲೆ ನಕ್ಷೆ ಬರೆದು, ತಾವೇ ತೀರ್ಮಾನಕ್ಕೆ ಬರುವ ಕ್ರಮ ಅದು. ಇಲ್ಲಿಗೆ ಬರುವಷ್ಟರಲ್ಲಿ ಅದರ ಮಾತುಕತೆಯ ಭಾಗ ಸವೆದು, ಬೆಳಗಿನ ಜಾವ ಟಾರ್ಚು ಬಿಟ್ಟು ಶಿಳ್ಳೆ ಹೊಡೆಯುವ ಭಾಗ ಉಳಿಯಿತು. ರೇಷನ್ ನಿಲ್ಲಿಸುತ್ತೇವೆಂದು ಹೆದರಿಸಿದ ಪ್ರಸಂಗಗಳು ದೇಶದ ಹಲವೆಡೆ ವರದಿಯಾದವು. ಹಿತ್ತಲಿಲ್ಲದ ಹೆಂಗಸಿನ ಮೇಲೆ ಟಾರ್ಚು ಬಿಡುವುದು ತಪ್ಪು. ಅದಕ್ಕೆ ಯಾವ ಗುರಿಯೂ ಸಮರ್ಥನೆಯಾಗಲಾರದು.

ಶೌಚಾಲಯ ಬಂದ ಮಾತ್ರಕ್ಕೆ ಕಾಯಿಲೆ ಹೋಗುತ್ತದೆಯೇ ಎಂಬುದನ್ನು ವಿಜ್ಞಾನಿಗಳು ಪರೀಕ್ಷಿಸಿ ನೋಡಿದ್ದಾರೆ. ಒಡಿಶಾದ ಪುರಿ ಜಿಲ್ಲೆಯ 100 ಹಳ್ಳಿಗಳಲ್ಲಿ ನಡೆದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಅಲ್ಲಿ ಶೌಚಾಲಯವಿದ್ದ ಮನೆಗಳು 100ಕ್ಕೆ 9ರಿಂದ 63ಕ್ಕೆ ಏರಿದರೂ ಮಕ್ಕಳ ಭೇದಿ ಕಡಿಮೆಯಾಗಲಿಲ್ಲ. 2018ರ ಹೊತ್ತಿಗೆ ಬಾಂಗ್ಲಾದೇಶ, ಕೀನ್ಯಾಗಳಲ್ಲಿ ನಡೆದ ದೊಡ್ಡ ಪ್ರಯೋಗಗಳ ಫಲಿತಾಂಶ ಬಂತು: ಬಾಂಗ್ಲಾದಲ್ಲಿ ಭೇದಿ ಇಳಿಯಿತು, ಕೀನ್ಯಾದಲ್ಲಿ ಇಳಿಯಲಿಲ್ಲ, ಮಕ್ಕಳ ಎತ್ತರ ಮಾತ್ರ ಎರಡೂ ಕಡೆ ನೈರ್ಮಲ್ಯವೊಂದರಿಂದಲೇ ಹೆಚ್ಚಲಿಲ್ಲ. ಇದನ್ನು ಓದಿ ಶೌಚಾಲಯ ದಂಡ ಎನ್ನುವವರಿದ್ದಾರೆ. ನನಗೆ ಕಾಣುವುದು ಬೇರೆ. ಊರಿನ ಅರ್ಧ ಜನ ಬಳಸಿ ಅರ್ಧ ಜನ ಬಳಸದಿದ್ದರೆ, ಗುಂಡಿ ಬಾವಿಗೆ ಸೋರಿದರೆ, ಕೂಸಿನ ಮಲವನ್ನು ಅಂಗಳದ ಮೂಲೆಗೇ ಎಸೆದರೆ, ಕೊಟ್ಟಿಗೆಯ ಪಕ್ಕದಲ್ಲೇ ಅಂಬೆಗಾಲಿಡುವ ಮಗುವಿನ ಬಾಯಿಗೆ ಮಣ್ಣು ಹೋಗುತ್ತಲೇ ಇದ್ದರೆ, ಒಂದು ಬಾಗಿಲು ಏನು ಮಾಡೀತು? ಅರ್ಧಂಬರ್ಧ ಕೆಲಸಕ್ಕೆ ಅರ್ಧ ಫಲವೂ ಸಿಗುವುದಿಲ್ಲ ಎಂಬುದು ಆ ಅಧ್ಯಯನಗಳ ತಿರುಳು ಎಂದು ನಾನು ತಿಳಿದಿದ್ದೇನೆ.

ನಮ್ಮ ಗದ್ದೆ ಸೀಮೆಯಲ್ಲಿ ಕೊಕ್ಕೆಹುಳುವಿನ ಕಾಟವಿದೆ. ಅದು ಹೆಚ್ಚಾಗಿ ಬಾಯಿಂದ ಬರುವುದಿಲ್ಲ, ಮಲ ಬಿದ್ದ ತೇವದ ಮಣ್ಣಿನಿಂದ ಬರಿಗಾಲಿನ ಚರ್ಮ ಕೊರೆದು ಒಳಗೆ ಬರುತ್ತದೆ, ಕರುಳಿಗೆ ಕಚ್ಚಿ ರಕ್ತ ಹೀರುತ್ತದೆ. ನಾಟಿಯ ಹೆಂಗಸರ ರಕ್ತಹೀನತೆಗೆ ಬರೀ ಊಟದ ಕೊರತೆಯನ್ನು ಕಾರಣ ಮಾಡಿದರೆ ಸಾಲದು. ಫೆಬ್ರವರಿ 10 ಮತ್ತು ಆಗಸ್ಟ್ 10ರಂದು ಶಾಲೆ, ಅಂಗನವಾಡಿಗಳಲ್ಲಿ ಕೊಡುವ ಅಲ್ಬೆಂಡಜೋಲ್ ಮಾತ್ರೆ ಮಕ್ಕಳಿಗೆ, 19 ವರ್ಷದವರೆಗೆ. ನಲವತ್ತರ ಕೂಲಿ ಹೆಂಗಸನ್ನು ಆ ದಿನ ಯಾರೂ ಕರೆಯುವುದಿಲ್ಲ.

ಸೊರಬ ತಾಲ್ಲೂಕಿನ ಒಂದು ಕಾಡಿನ ಹೆಸರು ಜಗತ್ತಿನ ವೈದ್ಯಗ್ರಂಥಗಳಲ್ಲಿದೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಹಿಂದೆಯೇ ಜನ ಜ್ವರಕ್ಕೆ ಬಿದ್ದು, ಹೊಸ ವೈರಸ್ ಪತ್ತೆಯಾಯಿತು. ನಾವು ಮಂಗನ ಕಾಯಿಲೆ ಎನ್ನುವುದನ್ನು ಹೊರಗಿನವರು ಕ್ಯಾಸನೂರು ಕಾಡಿನ ಕಾಯಿಲೆ ಎನ್ನುತ್ತಾರೆ. ಹರಡುವುದು ಉಣುಗಿನಿಂದ. ಸೋಂಕು ತಗುಲಿದ 100 ಜನರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ. ಇದ್ದ ಲಸಿಕೆಯ ಬಲ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಈಗ ಉಳಿದಿರುವುದು ಉಣುಗು ಹತ್ತದಂತೆ ಮೈಗೆ ಡೆಪಾ ತೈಲ ಹಚ್ಚಿಕೊಂಡು ಕಾಡಿಗೆ ಹೋಗುವುದು, ಬಂದ ಮೇಲೆ ಬಟ್ಟೆ ಕಳಚಿ ಬಿಸಿನೀರಲ್ಲಿ ಸೋಪು ಹಚ್ಚಿ ಮೀಯುವುದು. ಸಲಹೆ ಸರಿಯಾದದ್ದೇ. ದರಗು, ಕಟ್ಟಿಗೆಗೆ ಕಾಡಿಗೆ ಹೋಗುವವರು ಬಡವರು. ಅವರಿಗೆ ದಿನಾ ಸಂಜೆ ಬಿಸಿನೀರ ಸ್ನಾನವೆಂದರೆ ಇನ್ನೆರಡು ಕೊಡ ನೀರು, ಇನ್ನೊಂದು ಹೊರೆ ಕಟ್ಟಿಗೆ. ಆ ಕಟ್ಟಿಗೆಗೆ ಮತ್ತೆ ಅದೇ ಕಾಡು. ಬಾಗಿಲಿರುವ ಬಚ್ಚಲು ಮತ್ತು ಸಾಕಷ್ಟು ನೀರು ಇಲ್ಲಿ ಜ್ವರದ ಔಷಧಿಗೆ ಸಮ.

ಹೆಣ್ಣುಮಕ್ಕಳ ಮುಟ್ಟಿನ ದಿನಗಳ ವಿಷಯವನ್ನು ಈಗೀಗ ಬಾಯಿಬಿಟ್ಟು ಮಾತಾಡುತ್ತಿದ್ದೇವೆ. ಸರ್ಕಾರಿ ಶಾಲೆಯ ಹುಡುಗಿಯರಿಗೆ ಪ್ಯಾಡ್ ಕೊಡುವ 'ಶುಚಿ' ಯೋಜನೆ 2013–14ರಲ್ಲಿ ಶುರುವಾಗಿ, ಕೋವಿಡ್ ಕಾಲದಲ್ಲಿ ನಿಂತು, 2024ರಲ್ಲಿ ಮತ್ತೆ ಬಂತು. ನಿಂತ ಆ ವರ್ಷಗಳಲ್ಲಿ ಎಂಟನೇ ತರಗತಿಯಿಂದ ಹತ್ತನೆಯದಕ್ಕೆ ಹೋದ ಹುಡುಗಿಯರಿಗೆ ಹೊಸ ಆದೇಶದಿಂದ ಏನೂ ಸಿಕ್ಕಿಲ್ಲ. ಬಳಸಿದ ಪ್ಯಾಡನ್ನು ಎಲ್ಲಿ ಹಾಕುವುದು ಎಂಬುದಕ್ಕೂ ಉತ್ತರವಿಲ್ಲ. ಗುಂಡಿಗೇ ಹಾಕುತ್ತಾರೆ, ಗುಂಡಿ ಕಟ್ಟುತ್ತದೆ. ಅಡಿಕೆ ಸುಲಿಯುವ ತಿಂಗಳುಗಳಲ್ಲಿ ಸಂಜೆಯಿಂದ ನಡುರಾತ್ರಿವರೆಗೆ ಅಂಗಳದಲ್ಲಿ ಕೂತು ಸುಲಿಯುವ ಹೆಂಗಸರಿಗೆ ಯಜಮಾನರ ಮನೆಯ ಶೌಚಾಲಯ ಬಳಸಲು ಬಿಡುವ ಮನೆಗಳು ಎಷ್ಟಿವೆ? ಈ ಪ್ರಶ್ನೆಯನ್ನು ತೋಟದ ಮನೆಯವರಾದ ನಾವು ನಮ್ಮನ್ನೇ ಕೇಳಿಕೊಳ್ಳಬೇಕು.

ಈಗ ಎಲ್ಲರೂ ತಪ್ಪಿಸಿಕೊಳ್ಳುವ ಪ್ರಶ್ನೆಗೆ ಬರುತ್ತೇನೆ. ತುಂಬಿದ ಗುಂಡಿಗೆ ಯಾರು ಇಳಿಯಬೇಕು?

1970ರ ದಶಕದ ಆರಂಭದಲ್ಲಿ ದೇವರಾಜ ಅರಸರ ಸಂಪುಟದ ಸಚಿವ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಿದರು. ದೇಶದ ಕಾಯ್ದೆ ಬರಲು 1993 ಆಯಿತು, ಗಟ್ಟಿ ಕಾಯ್ದೆಗೆ 2013. ಬಸವಲಿಂಗಪ್ಪನವರ ನಿಷೇಧವಾಗಿ ಮೂರೂವರೆ ದಶಕದ ಮೇಲೆ, 2010ರ ಜುಲೈನಲ್ಲಿ, ಶಿಕಾರಿಪುರದ ಮಗ್ಗುಲ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡು ಪ್ರತಿಭಟಿಸಿದರು. ಇದ್ದ ಜಾಗದಿಂದ ಎಬ್ಬಿಸುತ್ತಾರೆಂಬ ಭಯ, ತಲೆಮಾರುಗಳ ಅವಮಾನ ಎರಡೂ ಸೇರಿ ಹಾಗಾಯಿತು. ಆ ದಿನದ ಚಿತ್ರ ನೋಡಿದವರು ಮರೆತಿರಲಾರರು. 2014ರಲ್ಲಿ ಸುಪ್ರೀಂ ಕೋರ್ಟು ಮಲಗುಂಡಿ, ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ಪರಿಹಾರ ಎಂದಿತು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಸಾವು ನಿಂತಿಲ್ಲ. ಮುಚ್ಚಿದ ಗುಂಡಿಯ ವಿಷಾನಿಲಕ್ಕೆ ಒಂದೆರಡು ನಿಮಿಷ ಸಾಕು. ಒಬ್ಬನನ್ನು ಎತ್ತಲು ಇನ್ನೊಬ್ಬ ಇಳಿಯುತ್ತಾನೆ, ಇಬ್ಬರೂ ಹೋಗುತ್ತಾರೆ. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನೇ ಮಲದ ಗುಂಡಿಗೆ ಇಳಿಸಿದ ಸುದ್ದಿ ಬಂದಾಗ ರಾಜ್ಯ ತಲೆತಗ್ಗಿಸಿತು. ಆಗಿನ ಶಾಲಾ ಶಿಕ್ಷಣ ಸಚಿವರು ಸೊರಬದ ಶಾಸಕರಾದ ಮಧು ಬಂಗಾರಪ್ಪ. ಶಾಲೆಯ ಶೌಚಾಲಯ ತೊಳೆಯಲು ಸಂಬಳದ ಆಳಿಗೆ ಹಣ ಇಡದೆ ಬರೀ ನಿಷೇಧದ ಸುತ್ತೋಲೆ ಹೊರಡಿಸಿದರೆ ಪೊರಕೆ ಮತ್ತೆ ಮಕ್ಕಳ ಕೈಗೇ ಬರುತ್ತದೆ, ಅದೂ ಯಾವ ಕೇರಿಯ ಮಕ್ಕಳ ಕೈಗೆ ಎಂಬುದು ಎಲ್ಲರಿಗೂ ಗೊತ್ತು.

ಹನ್ನೆರಡನೆಯ ಶತಮಾನದಲ್ಲಿ ಇದೇ ಶಿಕಾರಿಪುರ ಸೀಮೆಯ ಜಂಬೂರಿನಲ್ಲಿ ಸತ್ಯಕ್ಕ ಎಂಬ ಶರಣೆ ಇದ್ದಳು. ಶಿವಭಕ್ತರ ಮನೆಯಂಗಳದ ಕಸ ಗುಡಿಸುವುದು ಅವಳ ಕಾಯಕ. ಶಂಭುಜಕ್ಕೇಶ್ವರ ಎಂಬ ಅಂಕಿತದಲ್ಲಿ ವಚನ ಬರೆದಳು. ಅದೇ ಕಾಲದಲ್ಲಿ ಬಳ್ಳಿಗಾವೆಯ ಕೋಡಿಮಠದಲ್ಲಿ ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ ನಡೆಯುತ್ತಿತ್ತೆಂದು 1162ರ ಶಾಸನ ಹೇಳುತ್ತದೆ. ಪೊರಕೆ ಹಿಡಿದ ಕೈ ವಚನವನ್ನೂ ಬರೆಯಬಹುದು ಎಂದು ತೋರಿದ ನೆಲ ಇದು. ಆ ಕೆಲಸವನ್ನು ಒಂದು ಜಾತಿಗೆ ಕಟ್ಟಿಹಾಕಿದವರು ನಾವು, ಬಿಚ್ಚಬೇಕಾದವರೂ ನಾವು.

ಪೇಟೆಯಿಂದ ಬರುವ ಸಕ್ಕಿಂಗ್ ಗಾಡಿ ಸಿಮೆಂಟು ರಸ್ತೆ ಇರುವವರೆಗೆ ಬರುತ್ತದೆ. ಕಾಲೋನಿಯ ಓಣಿಗೆ ಅದರ ಪೈಪು ಮುಟ್ಟುವುದಿಲ್ಲ. ಮುಟ್ಟಿದರೂ ತುಂಬಿಕೊಂಡದ್ದನ್ನು ಎಲ್ಲಿ ಸುರಿಯುತ್ತದೆ ಎಂದು ಕೇಳಬೇಕು. ದೇವನಹಳ್ಳಿಯಲ್ಲಿ 2015ರಲ್ಲಿ ಮಲದ ಕೆಸರನ್ನು ಸಂಸ್ಕರಿಸುವ ಘಟಕ ಬಂತು, ದೇಶದಲ್ಲಿ ಒಂದು ಪಟ್ಟಣದ ಮಟ್ಟಕ್ಕೆ ಅದೇ ಮೊದಲು. ಆ ಬಗೆಯದ್ದು ಪ್ರತಿ ತಾಲ್ಲೂಕಿಗೆ ಬೇಕು. ಆದರೆ ಹಳ್ಳಿಯ ಮನೆಗಳಿಗೆ ಅದಕ್ಕಿಂತ ಅಗ್ಗದ ಉತ್ತರ ಆ ಅರ್ಧ ಇಟ್ಟಿಗೆಯೇ. 2017ರ ಫೆಬ್ರವರಿಯಲ್ಲಿ ತೆಲಂಗಾಣದ ಗಂಗದೇವಿಪಲ್ಲಿಯಲ್ಲಿ ಕೇಂದ್ರ ಸರ್ಕಾರದ ಕಾರ್ಯದರ್ಶಿ ಪರಮೇಶ್ವರನ್ ಅಯ್ಯರ್ ವಿಶ್ರಾಂತಿ ಪಡೆದ ಗುಂಡಿಗೆ ತಾವೇ ಇಳಿದು ಒಳಗಿನ ಗೊಬ್ಬರ ಎತ್ತಿದರು. ಇಲ್ಲಿಯೂ ಒಬ್ಬ ಪಂಚಾಯಿತಿ ಅಧ್ಯಕ್ಷರು, ಒಬ್ಬ ಪಿಡಿಒ, ಒಬ್ಬ ಅಡಿಕೆ ಬೆಳೆಗಾರರು ಹಾಗೆ ಇಳಿದು, ಆ ಕಪ್ಪು ಮಣ್ಣನ್ನು ತೋಟದ ಬುಡಕ್ಕೆ ಹಾಕಿದರೆ ನೂರು ಗೋಡೆಬರಹದ ಕೆಲಸ ಆಗುತ್ತದೆ.

ನನ್ನ ಬೇಡಿಕೆ ದೊಡ್ಡದಲ್ಲ. ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಒಂದು ಗುಂಡಿ ವಹಿ ಇರಲಿ. ಯಾವ ಮನೆ, ಒಂದು ಗುಂಡಿಯೇ ಎರಡೇ, ಯಾವ ವರ್ಷ ಬಳಕೆಗೆ ಬಂತು, ಇಟ್ಟಿಗೆ ಯಾವಾಗ ಬದಲಾಯಿತು, ಹತ್ತಿರದ ಬಾವಿ ಎಷ್ಟು ದೂರ, ಮಳೆಗಾಲದಲ್ಲಿ ಉಕ್ಕುತ್ತದೆಯೇ ಎಂದು ಅದರಲ್ಲಿ ಬರೆದಿರಲಿ. ಕಸದ ಸ್ವಚ್ಛ ವಾಹಿನಿ ಓಡಿಸುವ ಸಂಘದ ಹೆಣ್ಣುಮಕ್ಕಳಿಗೆ ಮನೆಮನೆ ಗೊತ್ತಿರುತ್ತದೆ. ಅವರಿಗೆ ಸಂಬಳ ಕೊಟ್ಟು ಈ ಕೆಲಸ ಕೊಡಬಹುದು. ಜೌಗು ನೆಲಕ್ಕೆ ಬೇರೆ ದರ, ಜಾಗವಿಲ್ಲದ ಸಾಲುಮನೆಗೆ ಪಂಚಾಯಿತಿಯೇ ಪಕ್ಕದಲ್ಲಿ ಒಂದೆರಡು ಗುಂಟೆ ಕೊಂಡು ನಾಲ್ಕು ಮನೆಗೊಂದು ಜೋಡಿ ಗುಂಡಿ, ಸಕ್ರಮಕ್ಕೆ ಕಾಯುತ್ತಿರುವ ಮನೆಗೆ ಹಕ್ಕುಪತ್ರ ಬರುವವರೆಗೂ ಶೌಚಾಲಯದ ಹಣ ತಡೆಯಬಾರದೆಂಬ ಆದೇಶ ಬೇಕು.

ಕೆರೆ ಏರಿಯ ಕೆಳಗಿನ ಆ ಮನೆಯಲ್ಲಿ ಆವತ್ತು ಹುಡುಗ ಎರಡು ಗುಂಡಿಯಲ್ಲಿ ಕಡಿಮೆ ತುಂಬಿದ್ದು ಯಾವುದೆಂದು ಕೋಲು ಇಳಿಸಿ ನೋಡಿದ. ಇನ್ನೊಂದಕ್ಕೆ ಹೋಗುವ ಕವಲಿಗೆ ಅರ್ಧ ಇಟ್ಟಿಗೆ ಇಟ್ಟು, ಸುತ್ತ ಜೇಡಿಮಣ್ಣು ಮೆತ್ತಿದ. "ಎರಡು ಮಳೆಗಾಲ ಕಳೆಯೋವರೆಗೆ ಆ ಗುಂಡಿ ಮುಚ್ಚಳ ತೆಗೀಬ್ಯಾಡಿ ಅಕ್ಕಾ" ಅಂದ. "ಈ ಕಡೇದು ಅಷ್ಟರೊಳಗೆ ತುಂಬಿದ್ರೆ?" ಎಂದು ಅವರು ಕೇಳಿದರು. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಮೂರನೆಯ ಗುಂಡಿಗೆ ಜಾಗ ಇದೆಯೇ ಎಂದು ಹಿತ್ತಲ ಸುತ್ತ ನೋಡಿದ. ಬೇಲಿಯ ಆಚೆ ಕೆರೆಯ ಕಾಲುವೆ ಹರಿಯುತ್ತಿತ್ತು.